ಅತ್ತಿಗೆಯ ದವಡೆ ಹಲ್ಲು

ಬಾಯಿ ಮುಚ್ಚಬೇಡಿ ಅತ್ತಿಗೆ! ಇನ್ನೂ ಸ್ವಲ್ಪ... ಹಾಂ, ಹಾಗೇ ಇರಿ. ಜೀವಮಾನವೆಲ್ಲಾ ತೆಗೆದ ಬಾಯಿ, ಇವತ್ತೇನು ಅದಕ್ಕೆ ನಾಚಿಕೆ? ನಗಬೇಡಿ, ಹತ್ತಿ ಬೀಳುತ್ತೆ. ನನ್ನನ್ನ ನೋಡ್ಕೊಂಡು ಹೋಗೋಕೆ ಬಂದ್ರಂತೆ! ಬಂದವರನ್ನ ಕುರ್ಚಿ ಮೇಲೆ ಮಲಗಿಸಿ ನಾನೇ ನೋಡ್ತಿದೀನಿ. ಹೆಂಗಿದೆ? ದವಡೆ ಹಲ್ಲು ಅರ್ಧ ತೂತು ನಿಮ್ಮದು. ಅಣ್ಣನ ಮನೆಗೆ ಬಂದಾಗಿನಿಂದ ಹೇಳ್ತಿದೀನಿ, ಹಲ್ಲು ತೋರಿಸಿ ಅಂತ. ಊಹೂಂ.

ತುಟಿ ಮರಗಟ್ಟಿದೆಯಾ? ತಲೆ ಆಡಿಸಿ ಸಾಕು. ಎರಡು ಗಂಟೆ, ಆಮೇಲೆ ಬಿಡುತ್ತೆ.

ಏನು, ನನ್ನ ಎಡಗೈ ನೋಡ್ತಿದೀರಾ? ನೋಡಿ, ನೋಡಿ. ಬಂದೋರೆಲ್ಲಾ ಮೊದಲು ಎದೆ ನೋಡ್ತಾರೆ, ಆಮೇಲೆ ಗಾಬರಿಯಾಗಿ ಗೋಡೆ ನೋಡ್ತಾರೆ. ನೀವಾದ್ರೂ ಕೈ ನೋಡಿದ್ರಿ. ಆಪರೇಷನ್ ಆಗಿ ಐದು ವಾರ, ಭುಜದಿಂದ ಮೇಲಕ್ಕೆ ಏಳಲ್ಲ ಅದು. ಏಳದಿದ್ರೇನು, ನಿಮ್ಮ ಹಲ್ಲೇನು ಅಟ್ಟದ ಮೇಲಿದೆಯಾ?

ಎದುರುಮನೆಯಾಕೆ ಏನು ತಂದ್ಳು ಗೊತ್ತಾ? ತಲೆಗೆ ಕಟ್ಟೋಕೆ ಸ್ಕಾರ್ಫು! ಕೀಮೋ ಶುರುವೇ ಆಗಿಲ್ಲ, ಒಂದು ಕೂದಲು ಉದುರಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ, ಇದು ಕೂದಲು ಉದುರೋ ಮುಂಚೆ ಕುಲಾವಿ. ಅಣ್ಣ ಬೇರೆ... ಫೋನ್ ಮಾಡಿ ‘ಧೈರ್ಯವಾಗಿರು’ ಅಂತ ಹೇಳಿ ತಾನೇ ಗೊಳೋ ಅಂತ ಅತ್ತ. ಕೊನೆಗೆ ನಾನೇ ಸಮಾಧಾನ ಮಾಡ್ಬೇಕಾಯ್ತು. ನಮ್ಮ ಮನೆಯವರಂತೂ ತುದಿಗಾಲಲ್ಲಿ ಓಡಾಡ್ತಾರೆ, ಮನೇಲಿ ಯಾರೋ ಸತ್ತು ಮಲಗಿರೋ ಹಾಗೆ! ಮೂರು ಥರ್ಮಾಮೀಟರ್ ತಂದಿಟ್ಟಿದಾರೆ. ಮೂರೂ ಮೂರು ಥರ ತೋರಿಸ್ತವೆ.

ಅಲುಗಾಡಬೇಡಿ.

ಆ ಆಸ್ಪತ್ರೆಯವರು ಇನ್ನೊಂದು. ಕೀಮೋ ಮುಂಚೆ ಹಲ್ಲು ತೋರಿಸ್ಕೊಂಡು ಬನ್ನಿ ಅಂತ ಚೀಟಿ ಬರೆದುಕೊಟ್ರು. ಯಾರಿಗೆ? ನನಗೆ! ಇಪ್ಪತ್ತು ವರ್ಷದಿಂದ ಊರವರ ಬಾಯಲ್ಲಿ ಕೈಯಿಟ್ಟಿರೋಳಿಗೆ! ಕನ್ನಡಿ ಮುಂದೆ ಬಾಯಿ ತೆಗೆದು ಕೂತು, ‘ಪೇಶೆಂಟಿನ ಹಲ್ಲು ಗಟ್ಟಿ, ನಾಲಿಗೆ ಮಾತ್ರ ಚೂಪು’ ಅಂತ ನಾನೇ ಬರ್ಕೊಂಡೆ. ಹ್ಞೂಂ, ನಗಿ. ಮೂಗಿಂದ ನಗಿ.

ಅಲ್ಲೊಬ್ಳು ಹುಡುಗಿ, ತಿಳಿವಳಿಕೆ ಹೇಳೋಕೆ ಅಂತ ಇಟ್ಟಿದಾರೆ. ಕೂದಲು ಉದುರೋದರ ಬಗ್ಗೆ ಅರ್ಧ ಗಂಟೆ ಕೊರೆದ್ಳು. ಕೂದಲು! ಹೋದ್ರೆ ಹೋಗ್ಲಿ, ಬಾಚೋ ಕೆಲಸ ಉಳೀತು. ಕೊನೇಲಿ ಕಾಗದ ಮಡಚ್ತಾ ಅಂತಾಳೆ, ‘ಬೆರಳ ತುದಿ ಕೆಲವರಿಗೆ ಮರಗಟ್ಟುತ್ತೆ, ಅಷ್ಟೆ.’ ಅಷ್ಟೆ! ಅಷ್ಟೆಯಂತೆ!... ಇರ್ಲಿ ಬಿಡಿ. ನಾನೇನು ತಲೆ ಕೆಡಿಸ್ಕೊಂಡಿಲ್ಲ.

ಈಗ ನೋಡಿ, ಈ ತೂತಿನ ತಳ ನನ್ನ ಕಣ್ಣಿಗೆ ಕಾಣಲ್ಲ. ಕೆರೆಯೋ ಕಡ್ಡಿ ಹಿಡಿದಿರೋ ಬೆರಳಿಗೆ ಗೊತ್ತಾಗುತ್ತೆ. ಮೆತ್ತಗಿದ್ರೆ ಹುಳುಕು, ಗಟ್ಟಿ ಸಿಕ್ರೆ ಹಲ್ಲು. ಇಲ್ಲಿ ಗಟ್ಟಿ... ಇಲ್ಲಿ ಇನ್ನೂ ಮೆತ್ತಗಿದೆ. ಇನ್ನೊಂಚೂರು ತೆಗೀಬೇಕು.

ಸೋಮವಾರವೇ ಮೊದಲನೇ ಕೀಮೋ ಆಗ್ಬೇಕಿತ್ತು. ಎಂಟಕ್ಕೇ ಹೋಗಿ ಕೂತಿದ್ದೆ. ರಕ್ತ ಕಡಿಮೆ ಇದೆ, ಮುಂದಿನ ವಾರ ಬನ್ನಿ ಅಂದ್ರು. ಅವರೇ ಅಂದಿದ್ದು. ನಾನೇನು ಮಾಡ್ಲಿ, ವಾಪಸ್ ಬಂದೆ... ಯಾಕೆ ಕಣ್ಣು ಮುಚ್ಚಿದ್ರಿ? ನೋವಾಯ್ತಾ? ಮರಗಟ್ಟಿರುವಾಗ ನೋವು ಹೇಗೆ ಬರುತ್ತೆ!

ಆಯ್ತು. ತೂತು ಮುಚ್ಚಿದೀನಿ, ಕಚ್ಚಿ ನೋಡಿ. ಎತ್ತರ ಅನ್ಸುತ್ತಾ? ಇಲ್ಲ ತಾನೆ? ಉಗೀರಿ, ಬಾಯಿ ಮುಕ್ಕಳಿಸಿ. ಹತ್ತಿ ತೆಗೆದಿದೀನಿ. ಈಗ ಮಾತಾಡಿ, ಒಂದು ಗಂಟೆಯ ಮಾತಿನ ಸಾಲ ತೀರಿಸಿ.

ಮಾತಾಡಿ ಅತ್ತಿಗೆ.

ತುಟಿ ಮರಗಟ್ಟಿದ್ರೂ ಮಾತು ಬರುತ್ತೆ. ಒಳಗೆ ಬಂದ ತಕ್ಷಣ ಪರದೆ ಯಾಕೆ ಹಸಿರು ತಗೊಂಡೆ, ಎಲ್ಲಿ ತಗೊಂಡೆ, ಬಣ್ಣ ಬಿಡಲ್ವಾ ಅಂತ ಹತ್ತು ಪ್ರಶ್ನೆ ಕೇಳಿದೋರು ನೀವು. ರಕ್ತ ಎಷ್ಟಿದೆಯಂತೆ ಅಂತ ಕೇಳ್ತಿಲ್ಲ. ಯಾವ ಡಾಕ್ಟ್ರು ಅಂದ್ರು ಅಂತ ಕೇಳ್ತಿಲ್ಲ. ಯಾಕೆ ಕೇಳ್ತಿಲ್ಲ?

...ನೀವು ಆಸ್ಪತ್ರೆಗೆ ಬಂದಿದ್ರಾ?

ಸೋಮವಾರ? ಹೇಳದೆ ಕೇಳದೆ? ಎಷ್ಟು ಹೊತ್ತು ಕೂತಿದ್ರಿ? ಬೆರಳಲ್ಲಿ ಲೆಕ್ಕ ತೋರಿಸಬೇಡಿ, ಬಾಯಿಬಿಡಿ! ನಾಲ್ಕು ಗಂಟೆ... ನಾಲ್ಕು ಗಂಟೆ ಕೂತು, ಇವತ್ತು ಬಂದು ಪರದೆ ಯಾಕೆ ಹಸಿರು ಅಂದ್ರಾ?

ನಾನು ಆಸ್ಪತ್ರೆಗೆ ಹೋಗ್ಲೇ ಇಲ್ಲ, ಇಲ್ಲೇ ಇದ್ದೆ ಕಣ್ರೀ. ಬಾಗಿಲು ಹಾಕ್ಕೊಂಡು, ಈ ಕುರ್ಚಿ ಮೇಲೇ. ನಿಮಗೆ ಕೊಟ್ಟೆನಲ್ಲ, ಅದೇ ಇಂಜೆಕ್ಷನ್ನು... ಬಲಗೈ ಹೆಬ್ಬೆರಳಿಗೆ, ತೋರುಬೆರಳಿಗೆ ಕೊಟ್ಕೊಂಡೆ. ಹೇಗಿರುತ್ತೆ ನೋಡೋಣ ಅಂತ. ಕಿತ್ತಿಟ್ಟಿದ್ದ ಹಳೇ ಹಲ್ಲೊಂದನ್ನ ಇಕ್ಕಳಕ್ಕೆ ಸಿಕ್ಕಿಸಿ, ಕಣ್ಮುಚ್ಚಿ ಕೆರೆದೆ. ಹುಳುಕೆಲ್ಲಿ, ಹಲ್ಲೆಲ್ಲಿ... ಒಂದೂ ಗೊತ್ತಾಗ್ಲಿಲ್ಲ ಅತ್ತಿಗೆ. ಕಡ್ಡಿ ಕೈಯಿಂದ ಬಿದ್ದಿದ್ದೂ ಗೊತ್ತಾಗ್ಲಿಲ್ಲ, ಸದ್ದು ಕೇಳಿದ್ಮೇಲೆ ಗೊತ್ತಾಯ್ತು. ಇದು ಎರಡು ಗಂಟೇಲಿ ಬಿಡ್ತು. ಕೀಮೋದಿಂದ ಮರಗಟ್ಟಿದ್ರೆ ಅದು ಬಿಡುತ್ತೋ ಇಲ್ವೋ, ಒಬ್ಬ ಡಾಕ್ಟ್ರೂ ಬಾಯಿಬಿಟ್ಟು ಹೇಳ್ತಿಲ್ಲ.

ಅಳಬೇಡಿ, ಥೂ! ಒಂದು ಕಡೆ ತುಟಿ ಜೋತಾಡ್ತಿದೆ, ನೋಡೋಕಾಗಲ್ಲ. ಕೈ ಬಿಡಿ... ಗ್ಲೌಸಾದ್ರೂ ಬಿಚ್ಚೋಕೆ ಬಿಡಿ.

ನಾಳೆ ಆಸ್ಪತ್ರೆಗಾ? ಎಂಟಕ್ಕಾ?

ಬರ್ತೀನಿ. ಆದ್ರೆ ಅಲ್ಲಿ ನನ್ನ ಪಕ್ಕ ಹೀಗೆ ಮೂಕಿ ಥರ ಕೂರೋ ಹಾಗಿಲ್ಲ, ಹೇಳಿದೀನಿ. ಪರದೆ ಬಗ್ಗೆ ಕೇಳಿ. ಯಾಕೆ ಹಸಿರು ತಗೊಂಡೆ ಅಂತ ಕೇಳಿ.