ಲೋಟಕ್ಕೆ ನೀರು ಬಗ್ಗಿಸಿದವಳು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಯವರೇ, ಪಕ್ಕದಲ್ಲಿರುವ ಅವರ ಮಗಳೇ, ಮಾನ್ಯ ನ್ಯಾಯಾಧೀಶರೇ, ವಕೀಲ ಮಿತ್ರರೇ, ಹಿಂದೆ ಬಾಗಿಲ ಹತ್ತಿರ ನಿಂತಿರುವ ನಮ್ಮ ಟೈಪಿಸ್ಟರೇ, ಅಟೆಂಡರುಗಳೇ — ಒಳಗೆ ಬನ್ನಿ, ಕುರ್ಚಿ ಖಾಲಿ ಇವೆ. ಇವತ್ತು ಯಾರೂ ಹೆಸರು ಕೂಗೋದಿಲ್ಲ, ಕೂತ್ಕೊಳ್ಳಿ.

ನನಗಿಂತ ಮೊದಲು ಮಾತಾಡಿದ ಹಿರಿಯರು ನಮ್ಮನ್ನು ಬಿಟ್ಟುಹೋದ ಸಾಹೇಬರನ್ನು ಹೊಗಳಿ ಅಟ್ಟಕ್ಕೇರಿಸಿದ್ದಾರೆ. ನಾನು ಸ್ವಲ್ಪ ಕೆಳಗಿಳಿಸಬೇಕಾಗಿದೆ. ಕ್ಷಮಿಸಿ. ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ, ಗೊತ್ತು. ಆದರೆ ನಿನ್ನೆ ಅವರ ಮಗಳೇ ಫೋನ್ ಮಾಡಿ, “ಅತ್ತೆ, ಬರೀ ಹೊಗಳೋದಾದ್ರೆ ಮೈಕ್ ಹಿಡೀಬೇಡಿ. ನನ್ನ ವಿಷಯಾನೂ ಹೇಳಿ” ಅಂದಳು. ಆ ಧೈರ್ಯದ ಮೇಲೆ ನಿಂತಿದ್ದೀನಿ.

ಕೋರ್ಟಿನಲ್ಲಿ ಎಲ್ಲರೂ ಅವರನ್ನು ‘ರಾಜಿ ಸಾಹೇಬರು’ ಅಂತಿದ್ದರು. ನಾನು ಅಣ್ಣ ಅಂತಲೇ ಕರೀತಿದ್ದೆ. ಕ್ರಿಮಿನಲ್ ಕೇಸು ನಡೆಸಿಕೊಂಡು ಗಂಟಲು ಹರಕೊಳ್ತಿದ್ದ ನನ್ನನ್ನು ಎಳಕೊಂಡು ಬಂದು ಸಂಧಾನದ ಮೇಜಿನ ಮುಂದೆ ಕೂರಿಸಿದವರು ಅವರೇ. “ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಬಾರಮ್ಮ, ಇಬ್ಬರೂ ಬದುಕೋ ಕೆಲಸ ಮಾಡೋಣ” ಅಂದರು. ನಂಬಿ ಬಂದೆ.

ಆ ಮೇಜಿನ ಮೇಲೆ ಅವರದೊಂದು ವ್ಯವಸ್ಥೆ ಇತ್ತು. ನಡುವೆ ಒಂದೇ ಜಗ್ ನೀರು — ಹೀಗೆ — ಆ ಕಡೆ ಒಂದು ಲೋಟ, ಈ ಕಡೆ ಒಂದು ಲೋಟ. ಯಾರಿಗೂ ಅವರು ನೀರು ಹಾಕಿಕೊಡ್ತಿರಲಿಲ್ಲ. ಕಾಯ್ತಿದ್ದರು. ಒಬ್ಬರು ಇನ್ನೊಬ್ಬರ ಲೋಟಕ್ಕೆ ನೀರು ಬಗ್ಗಿಸಿದರೆ ಸಾಕು, ಮೇಜಿನ ಕೆಳಗೆ ನನ್ನ ಕಾಲು ತುಳೀತಿದ್ದರು. ಕೇಸು ಮುಗೀತು ಅಂತ ಅರ್ಥ. ಒಬ್ಬ ದರ್ಜಿ, ಪಕ್ಕದ ಅಂಗಡಿಯ ಮೆಕ್ಯಾನಿಕ್, ಶಟರ್ ಮುಂದೆ ಸ್ಕೂಟರ್ ನಿಲ್ಲಿಸಿದ್ದಕ್ಕೆ ಹೊಡೆದಾಡಿಕೊಂಡು ವರ್ಷಗಟ್ಟಲೆ ವಾಯಿದೆಗೆ ಅಲೆದವರು — ದರ್ಜಿಗೆ ಕೆಮ್ಮು ಬಂತು, ಮೆಕ್ಯಾನಿಕ್ ಗೊಣಗಿಕೊಂಡೇ ನೀರು ಬಗ್ಗಿಸಿದ. ಹೋಗುವಾಗ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋದರು! ನನ್ನ ಕಾಲ್ಬೆರಳು ಮಾತ್ರ ಒಂದು ವಾರ ನೋಯ್ತು.

ನಗಿ, ಪರವಾಗಿಲ್ಲ. ಅಣ್ಣನಿಗೂ ಆ ಕತೆ ಹೇಳಿ ನಗೋದು ಇಷ್ಟ ಇತ್ತು.

ಈ ಅನುಭವದ ಮೇಲೆಯೇ ಅವರು ಅಪರಾಧ ಕಾನೂನು ತಿದ್ದುಪಡಿಗೆ ಅಂತ ಸರ್ಕಾರಕ್ಕೆ ವರದಿ ಬರೆದುಕೊಟ್ಟರು. ನಾನೂ ಸಹಿ ಹಾಕಿದೆ. ಅದರಲ್ಲೊಂದು ಮಾತಿದೆ. ಮನೆಯೊಳಗಿನ ಹೊಡೆತ ಬಡಿತದ ದೂರು ಯಾವುದೇ ಇರಲಿ, ವಿಚಾರಣೆಗೆ ಮೊದಲು ಸಂಧಾನಕ್ಕೆ ಬರಲೇಬೇಕು. ಬರಲೇಬೇಕು! “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ. ಅದಕ್ಕೆ ಜೈಲು ಯಾಕೆ?” ಅಂತಿದ್ದರು.

ಹೋದ ವರ್ಷ ಗಂಡನ ಮೇಲೆ ದೂರು ಕೊಟ್ಟಿದ್ದ ಒಬ್ಬ ನರ್ಸನ್ನು ಅಣ್ಣ ಒತ್ತಾಯ ಮಾಡಿ ನಮ್ಮ ಮೇಜಿಗೆ ಕರೆಸಿದರು. ಕಿವಿಯ ಹಿಂದೆ ಹೊಲಿಗೆ ಇತ್ತು. ಹೊಡೆದ ಗಂಡ ಎದುರಿಗೇ ಕೂತಿದ್ದ. ಸ್ವಲ್ಪ ಹೊತ್ತಿಗೆ ಅವಳು ಜಗ್ ಎತ್ತಿ ಅವನ ಲೋಟಕ್ಕೆ ನೀರು ಬಗ್ಗಿಸಿದಳು. ಅಣ್ಣ ನನ್ನ ಕಾಲು ತುಳಿದರು. ರಾಜಿಯಾಯಿತು. ಅವಳು ಗಂಡನ ಹಿಂದೆ ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದಳು.

ಅದೇ ಮಧ್ಯಾಹ್ನ ಅಣ್ಣ ಸರ್ಕಾರಿ ವಕೀಲರ ಕೋಣೆಗೆ ಹೋಗಿ, “ನನ್ನ ಮಗಳ ಕೇಸು ಸಂಧಾನಕ್ಕೆ ಬರಕೂಡದು. ವಿಚಾರಣೆ ಆಗಬೇಕು, ಅವನಿಗೆ ಶಿಕ್ಷೆ ಆಗಬೇಕು” ಅಂತ ಹೇಳಿ ಬಂದರು. ಅಳಿಯ ಅವರ ಮಗಳ ಮಣಿಕಟ್ಟು ಮುರಿದಿದ್ದ. ನನಗೆ ಗೊತ್ತಾಗಿದ್ದು ಬೆಂಚ್ ಕ್ಲರ್ಕ್ ಬಾಯಿಂದ.

ಕಾರಿಡಾರಿನಲ್ಲಿ ಅವರನ್ನು ತಡೆದು ಕೇಳಿದೆ. “ಅಣ್ಣಾ, ಬೆಳಗ್ಗೆ ಆ ಹುಡುಗಿಗೆ ಏನು ಹೇಳಿ ಕಳಿಸಿದ್ರಿ?”

“ಅದು ಬೇರೆ, ಇದು ಬೇರೆ.”

“ಹೇಗೆ ಬೇರೆ?”

“ಇವಳು ನನ್ನ ಮಗಳು ಕಣಮ್ಮ.”

ಅಷ್ಟೇ. — ಅಷ್ಟೇ ಅಂದರು.

ನನಗೂ ಮಕ್ಕಳಿದ್ದಾರೆ. ತಂದೆಯ ಸಂಕಟ ಅರ್ಥವಾಗುತ್ತೆ. ಆದರೆ ಆ ನರ್ಸಿಗೂ ಅಪ್ಪ ಇದ್ದ. ಹೊರಗೆ ಬೆಂಚಿನ ಮೇಲೆ ಕೂತಿದ್ದ. ಹೋಗುವಾಗ ಅಣ್ಣನಿಗೆ ಕೈ ಮುಗಿದು ಹೋದ. ದೊಡ್ಡವರು, ತಿಳಿದವರು, ಒಳ್ಳೇದನ್ನೇ ಹೇಳ್ತಾರೆ ಅಂತ ನಂಬಿ ಹೋದ. ಅವನೂ ಮೋಸ ಹೋದ, ನಾನೂ ಮೋಸ ಹೋದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಫೋಟೋದ ಮುಂದೆ ನಿಂತು ಹೇಳ್ತಿದ್ದೀನಿ, ಇಳಿದಿಲ್ಲ.

“ಹಾಗಾದ್ರೆ ವರದಿ ತಿದ್ದೋಣ” ಅಂದೆ. “ನೋಡೋಣಮ್ಮ” ಅಂದರು. ಅವರು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗಲೂ ಕೇಳಿದೆ. ಗೋಡೆ ಕಡೆ ಮುಖ ತಿರುಗಿಸಿಕೊಂಡರು. ತಿದ್ದದೇ ಹೋದರು. ಈಗ ಅದೇ ಮಾತು ಮಸೂದೆಯಾಗಿ ಸದನಕ್ಕೆ ಹೋಗ್ತಾ ಇದೆ, ಅವರ ಹೆಸರು ಹೇಳಿಕೊಂಡು. ಅದನ್ನು ಸಮರ್ಥಿಸೋ ಕೆಲವರು ಇಲ್ಲೇ ಕೂತಿದ್ದೀರಿ.

ಮಗಳಿಗಾದರೂ ಬೇಕಾದ್ದು ಸಿಕ್ಕಿತಲ್ಲ ಅಂದುಕೊಂಡಿದ್ದೆ. ಮೊನ್ನೆ ಅವಳು ಹೇಳಿದ್ದು ಕೇಳಿ. “ಅತ್ತೆ, ನನಗೆ ಕೂತು ಮಾತಾಡಬೇಕಿತ್ತು. ನೀವು ಪಕ್ಕದಲ್ಲಿದ್ದರೆ ಅವನ ಮುಖ ನೋಡಿ, ಯಾಕೆ ಹೀಗೆ ಮಾಡಿದೆ ಅಂತ ಕೇಳೋದಿತ್ತು. ಸಾಕ್ಷಿ ಕಟ್ಟೆಯಲ್ಲಿ ಹೌದು, ಇಲ್ಲ ಅಂತಷ್ಟೇ ಹೇಳಿ ಇಳಿದೆ. ಅವನಿಗೆ ಶಿಕ್ಷೆಯಾಯ್ತು, ಸರಿ. ನಿನಗೇನು ಬೇಕು ಅಂತ ಅಪ್ಪ ಕೇಳಲೇ ಇಲ್ಲ.”

ಆಮೇಲೆ ಇನ್ನೊಂದು ಮಾತು ಹೇಳಿದಳು. “ಅಪ್ಪ ಜಗ್ಗಿನ ಕತೆ ಮನೇಲೂ ಹೇಳೋರು. ಕೈ ಮುರಿದ ದಿನ, ಅವನಿಗೆ ಬಿಕ್ಕಳಿಕೆ ಬಂದಾಗ, ಇನ್ನೊಂದು ಕೈಯಲ್ಲಿ ನಾನೇ ನೀರು ಬಗ್ಗಿಸಿ ಕೊಟ್ಟೆ. ಅಭ್ಯಾಸ ಅತ್ತೆ. ಅದು ರಾಜೀನಾ?”

— ಅದು ರಾಜಿ ಅಲ್ಲ ತಾಯಿ.

ಆ ನರ್ಸ್ ಬಗ್ಗಿಸಿದ್ದೂ ಅಭ್ಯಾಸಕ್ಕೇ. ಅಣ್ಣ ಅದನ್ನು ಕ್ಷಮೆ ಅಂತ ಓದಿದರು. ಒಬ್ಬಳನ್ನು ಬಲವಂತವಾಗಿ ಕೂರಿಸಿದರು, ಇನ್ನೊಬ್ಬಳನ್ನು ಕೂರೋಕೇ ಬಿಡಲಿಲ್ಲ. ಇಬ್ಬರನ್ನೂ ಕೇಳಲಿಲ್ಲ.

ಸಂಧಾನ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆ ದರ್ಜಿಗೆ ಅದೇ ಸರಿ. ನಾಳೆಯೂ ನಾನು ಅದೇ ಮೇಜಿಗೇ ಹೋಗೋದು. ಆದರೆ ನನ್ನ ಸಹಿ ವಾಪಸ್ ತಗೊಂಡಿದ್ದೀನಿ. ಮಸೂದೆಗೆ ಒಂದು ಮಾತು ಸೇರಿಸಿ — ಮೊದಲು ದೂರು ಕೊಟ್ಟವಳೊಬ್ಬಳನ್ನೇ ಕೂರಿಸಿ, ಸಂಧಾನ ಬೇಕಾ ಅಂತ ಕೇಳಬೇಕು. ಬೇಡ ಅಂದರೆ ಯಾಕೆ ಅಂತ ಕೇಳಬಾರದು. ಅಷ್ಟು ಸೇರಿಸೋ ತನಕ ಅಣ್ಣನ ಹೆಸರು ಅದರ ಮೇಲೆ ಇರೋದು ಬೇಡ. ಅವರನ್ನು ಪ್ರೀತಿಸಿದವಳಾಗಿ ಕೇಳ್ತಿದ್ದೀನಿ.

ಈಗ ಮೌನಾಚರಣೆ. ಎಲ್ಲರೂ ಎದ್ದು ನಿಲ್ಲಿ ಅಂತ ಹೇಳಬೇಕು ನಾನು. — ಇಲ್ಲ, ಇರಿ, ಏಳಬೇಡಿ. ಕೂತ್ಕೊಳ್ಳಿ ಸಾರ್.

ಮಗಳೇ, ಅಪ್ಪನಿಗೋಸ್ಕರ ಎದ್ದು ನಿಲ್ಲೋಣ ಅನ್ನಿಸ್ತಾ ಇದೆಯಾ ನಿನಗೆ?

—

ಸ್ವಲ್ಪ ಹೊತ್ತು ಬೇಕಂತೆ. ಕಾಯೋಣ.

—

ಎದ್ದಳು. ಬನ್ನಿ, ನಾವೂ ಏಳೋಣ.