ಎತ್ತಿದ ಕೈ

ಈ ಸನ್ಮಾನ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಸಂಘದ ಉಪಾಧ್ಯಕ್ಷೆ ಪ್ರೇಮಮ್ಮನವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಬೋಗಾದಿಯ ನಮ್ಮ ಬಡಾವಣೆಯ ನಿವಾಸಿಗಳೇ, ಕಾಫಿ ಕುಡಿದ ಮೇಲೂ ಎದ್ದುಹೋಗದೆ ಉಳಿದಿರುವ ಸಭಿಕರೇ,

ತೊಂಬತ್ತಮೂರರಲ್ಲಿ ಸಂಘ ಶುರುವಾದಾಗಿನಿಂದ ಅಧ್ಯಕ್ಷನಾಗಿರುವ ನನಗೆ ಶಾಲು ಹೊದಿಸಿ, ಪೇಟ ತೊಡಿಸಿದ್ದೀರಿ. ಕಾರ್ಯದರ್ಶಿ ಮಹೇಶ್ ಓದಿದ ಮಾನಪತ್ರದಲ್ಲಿ ‘ಸಭೆ ನಡೆಸುವುದರಲ್ಲಿ ಗುರುಮಲ್ಲಪ್ಪನವರು ಎತ್ತಿದ ಕೈ’ ಎಂದಿದೆ. ನೀವು ಚಪ್ಪಾಳೆ ತಟ್ಟಿದಿರಿ. ನನಗೆ ನಾಚಿಕೆಯಾಯಿತು. ವಿನಯದ ನಾಚಿಕೆಯಲ್ಲ, ನಿಜವಾದದ್ದೇ.

ನ್ಯಾಯವಾಗಿ ಸಭೆ ನಡೆಸುವುದು ಹೇಗೆಂದು ನಾಲ್ಕು ಮಾತು ಹೇಳಬೇಕಂತೆ. ಹೇಳುವುದೇನು ಕಷ್ಟ? ಒಬ್ಬರು ನಿರ್ಣಯ ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಆಮೇಲೆ ಚರ್ಚೆ. ಚರ್ಚೆ ಮುಗಿದ ಮೇಲೆ ಮತ. ಕೆಲಸದಲ್ಲಿದ್ದಾಗ ಸಹಕಾರ ಸಂಘಗಳವರಿಗೆ ಊರೂರು ತಿರುಗಿ ಇದನ್ನೇ ಪಾಠ ಮಾಡಿದವನು ನಾನು. ನನ್ನ ಹೆಂಡತಿ ಮಾತ್ರ, ‘ನಿಮ್ದು ಚರ್ಚೆ ಎಲ್ಲಿ ಕಣ್ರೀ, ಬರೀ ತೀರ್ಮಾನ’ ಅನ್ನುತ್ತಿದ್ದಳು. ನಗಿ, ಪರವಾಗಿಲ್ಲ. ಮಗಳ ಕಾಲೇಜು, ಮದುವೆ, ಈ ಸೈಟು, ಎಲ್ಲವೂ ನಮ್ಮ ಮನೆಯಲ್ಲಿ ಸರ್ವಾನುಮತದಿಂದಲೇ ಆದವು. ಅವಳೀಗ ಇಲ್ಲ. ಅವಳಿಗೆ ಈ ಬಡಾವಣೆ ಇಷ್ಟವಿತ್ತೋ ಇಲ್ಲವೋ, ನಾನು ಕೇಳಿರಲಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಇವತ್ತು ಬೆಳಿಗ್ಗೆ ನಮ್ಮ ವಾರ್ಷಿಕ ಸಭೆಯಲ್ಲಿ ಏನಾಯಿತು? ಹಿಂದಿನ ಕಾಂಪೌಂಡ್ ಗೋಡೆಯ ಸಂದಿಯಿಂದ ಕಂಡಕಂಡವರು ನುಗ್ಗುತ್ತಾರೆ, ಅದನ್ನು ಮುಚ್ಚಬೇಕು ಎಂದು ಮಹೇಶ್ ನಿರ್ಣಯ ಮಂಡಿಸಿದರು. ಅನುಮೋದನೆಯೂ ಆಯಿತು. ಚರ್ಚೆಗೆ ಬಿಡದೆ ನಾನು ‘ಒಪ್ಪುವವರು ಕೈ ಎತ್ತಿ’ ಎಂದೆ. ಕೊನೆಯ ಸಾಲಿನಲ್ಲಿ ಮಂಗಳಮ್ಮನವರ ಕೈ ಅದಕ್ಕೂ ಮುಂಚೆಯೇ ಮೇಲಿತ್ತು. ಅವರು ಎತ್ತಿದ್ದು ಮಾತಾಡಲು, ನಾವು ಎಣಿಸಿದ್ದು ಮತವೆಂದು. ‘ಸರ್ವಾನುಮತ’ ಎಂದು ಘೋಷಿಸಿದೆ. ಆಗಲೂ ಚಪ್ಪಾಳೆ.

ಈ ಬಡಾವಣೆಯೆಲ್ಲ ಒಂದು ಕಾಲಕ್ಕೆ ಮಂಗಳಮ್ಮನವರ ಮನೆತನದ ಹೊಲ. ಈಗ ಉಳಿದಿರುವುದು ಮೂಲೆಯ ಒಂದು ಮನೆ, ಸಂದಿಯಾಚೆ ಹಳೇ ಊರಿನಲ್ಲಿ ಒಂದು ಕೊಟ್ಟಿಗೆ. ಹಾಲು ಮಾರಿಯೇ ಅವರ ಜೀವನ. ಸಂದಿ ಮುಚ್ಚಿದರೆ ಕ್ಯಾನು ಹೊತ್ತು ದೊಡ್ಡ ರಸ್ತೆ ಸುತ್ತಿಕೊಂಡು ಬರಬೇಕು. ಅವರ ಮಂಡಿನೋವಿಗೆ ಅದು ಆಗದ ಮಾತು. ಈಗ ತಾನೇ ಕುಡಿದ ಕಾಫಿಗೂ ಹಾಲು ಬಂದದ್ದು ಆ ಸಂದಿಯಿಂದಲೇ. ನನ್ನ ಕೈಗೆ ಲೋಟ ಕೊಡುತ್ತ ಅವರು, ‘ನಾ ಕೈ ಎತ್ತಿದ್ದು ಬ್ಯಾಡ ಅನ್ನಕ್ಕೆ ಕಣ್ ಸಾರ್, ನೀವು ಬೇಕು ಅಂತ ಬರ್ಕೊಬುಟ್ರಲ್ಲ’ ಎಂದರು. ‘ಗೊತ್ತಾಗ್ಲಿಲ್ಲ ಕಣಮ್ಮ’ ಎಂದೆ.

ಗೊತ್ತಾಗಿತ್ತು. ಆ ಕೈ ಕಂಡ ತಕ್ಷಣ ನಾನು ಕನ್ನಡಕ ತೆಗೆದು ಒರೆಸುತ್ತ ಕೂತೆ. ನನ್ನ ಮನೆ ಇರುವುದು ಸಂದಿಯ ಪಕ್ಕದಲ್ಲಿ, ಮುಂಜಾನೆ ಕ್ಯಾನಿನ ಸದ್ದಿಗೆ ನಿದ್ದೆ ಕೆಡುತ್ತದೆ. ಇಷ್ಟೇ ಕಾರಣ. ಹೇಳಲು ನಾಲಗೆ ಬರುವುದಿಲ್ಲ, ಆದರೂ ಇಷ್ಟೇ.

ಸಭಿಕರೇ, ಇನ್ನೊಂದೇ ನಿಯಮ ಹೇಳುತ್ತೇನೆ. ಅಂಗೀಕಾರವಾದ ನಿರ್ಣಯವನ್ನು ಅದೇ ಸಭೆಯಲ್ಲಿ ಮತ್ತೆ ಪರಿಶೀಲಿಸಬಹುದು. ಆದರೆ ಹಾಗೆಂದು ಕೇಳಬೇಕಾದವರು ಗೆದ್ದ ಪಕ್ಷಕ್ಕೆ ಮತ ಹಾಕಿದವರು. ವಾರ್ಷಿಕ ಸಭೆಯನ್ನು ನಾನು ಕಾಫಿಗೆಂದು ನಿಲ್ಲಿಸಿದ್ದೆನೇ ಹೊರತು ಮುಗಿಸಿಲ್ಲ. ಬೆಳಿಗ್ಗೆ ಒಪ್ಪಿದವರಲ್ಲಿ ನಾನೂ ಒಬ್ಬ, ನಾನೇ ಕೇಳಬಹುದು. ಆದರೆ ನಾನು ಮಾತಾಡಿದ್ದು ಸಾಕು. ನಮ್ಮ ಲೆಕ್ಕದ ಪ್ರಕಾರ ಮಂಗಳಮ್ಮನವರೂ ಗೆದ್ದ ಪಕ್ಷದವರೇ ಅಲ್ಲವೇ?

ಸಭೆ ಮುಂದುವರಿಯಲಿ, ಪೀಠದಲ್ಲಿ ಪ್ರೇಮಮ್ಮನವರೇ ಇರಲಿ. ಬನ್ನಿ ಮಂಗಳಮ್ಮ, ಮೈಕು ನಿಮ್ಮದು. ನೀವು ಕೇಳಿ, ಅನುಮೋದನೆಗೆ ಇಗೋ ನನ್ನ ಕೈ ಎತ್ತಿದ್ದೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ಒಂದೇ ಕೈಯಲ್ಲಿ ಮಾಡುತ್ತಿರುವುದಕ್ಕೆ ಕ್ಷಮೆಯಿರಲಿ, ನಮಸ್ಕಾರ.