ಮೂಗಿನ ತನಕ ಬಂದ ಫೋಟೋ

ಕಿಟಕಿ ಹಾಗೇ ಇರಲಿ, ಗಾಳಿ ಬರುತ್ತೆ. ಆದರೆ ಮಧ್ಯೆ ಯಾರೂ ಎದ್ದು ಹೋಗಬೇಡಿ. ಎದ್ದು ಹೋದೋರು ಒಬ್ಬರೇ ವಾಪಸ್ ಬರಬೇಕಾಗುತ್ತೆ, ಆಮೇಲೆ ನನ್ನ ಬೈಬೇಡಿ.

ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆಗಿದ್ದು. ಮನೇಲಿ ಅವಳನ್ನ ಎಲ್ಲರೂ ಎಕ್ಸ್‌ಪ್ರೆಸ್ ಅಂತಾರೆ. ಊಟ, ಸ್ನಾನ, ಜಗಳ... ಎಲ್ಲಾ ಐದೇ ನಿಮಿಷ. ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರ್ ರೂಮಲ್ಲಿ ಕೆಲಸ.

ಅವತ್ತು ರಾತ್ರಿ ಅವಳು ಮನೆಗೆ ಹೊರಟಾಗ ಬೀದೀಲಿ ಕರೆಂಟ್ ಇರಲಿಲ್ಲ. ಆಸ್ಪತ್ರೆ ಹಿಂದಿನ ಗಲ್ಲೀಲಿ ಒಂದು ಹಾಳು ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿ ಎಷ್ಟೋ ವರ್ಷ ಆಯ್ತು, ರಾಟೆ ಮಾತ್ರ ಹಾಗೇ ಉಳ್ಕೊಂಡಿದೆ. ಹಗ್ಗ ಇಲ್ಲ. ಅವತ್ತು ಗಾಳೀನೂ ಇರಲಿಲ್ಲ.

ಕಿರ್ರ್... ಕಿರ್ರ್...

ರಾಟೆ ತಿರುಗ್ತಿತ್ತು.

ನಮ್ಮ ಎಕ್ಸ್‌ಪ್ರೆಸ್ ನಿಂತ್ಲು. ಅವಳು ನಿಲ್ಲೋದೇ ಅಪರೂಪ. ಬಾವಿ ಕಟ್ಟೆ ಮೇಲೆ ಯಾರೋ ಕೂತಿದ್ದ. ಬಟ್ಟೆಯಿಂದ ನೀರು ಕಲ್ಲಿನ ಮೇಲೆ ಬೀಳ್ತಿತ್ತು. ತೊಟ್... ತೊಟ್... ಯಾರೋ ಕುಡುಕ ಇರಬೇಕು ಅಂತ ಮೊಬೈಲ್ ಟಾರ್ಚ್ ಬಿಟ್ಲು.

ಹಣೆ ಕಾಣಿಸ್ತು. ಊದಿದ ಹಣೆ. ಮುಚ್ಚಿದ ಕಣ್ಣು. ಮೂಗು. ಅಲ್ಲಿಗೆ... ಮುಖ ಮುಗೀತು.

ಕೆಳಗೆ ಬಾಯಿಲ್ಲ, ಗದ್ದ ಇಲ್ಲ. ಬಟ್ಟೆ ಕಟ್ಕೊಂಡಿದ್ದ ಅನ್ಕೋಬೇಡಿ. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಮೂಗಿನ ಕೆಳಗೆ ನೇರ ಗೆರೆ, ಅಲ್ಲಿಂದಾಚೆ ಬರೀ ಬೂದಿ ಬಣ್ಣ. ಆ ಬೂದಿ ಒಳಗಿಂದ ಒಂದು ಸದ್ದು ಬರ್ತಿತ್ತು. "ಮ್ಮ್... ಮ್ಮ್ಮ್..." ಯಾರಾದ್ರೂ ಬಾಯಿ ಒತ್ತಿ ಹಿಡಿದ್ರೆ ಹೇಗೆ ಕೂಗೋಕೆ ಒದ್ದಾಡ್ತೀವಿ, ಹಾಗೆ.

ನೀವಾಗಿದ್ರೆ ಕಿರುಚ್ಕೊಂಡು ಓಡ್ತಿದ್ರಿ. ಅವಳಿಗೂ ಎದೆ ಧಸಕ್ ಅಂತು. ಆದರೆ ಭಯಕ್ಕಿಂತ ಮೊದಲು ಬಂದಿದ್ದು ನಾಚಿಕೆ. ಯಾಕಂದ್ರೆ ಆ ಬೂದಿ ಬಣ್ಣ ಅವಳಿಗೆ ಗೊತ್ತಿತ್ತು. ಆ ಗೆರೇನೂ ಗೊತ್ತಿತ್ತು.

ಹೇಳ್ತೀನಿ ಇರಿ. ಆ ಆಸ್ಪತ್ರೆಗೆ ಗುರುತು ಸಿಗದ ಹೆಣಗಳು ಬರ್ತವೆ. ಮೊದಲೆಲ್ಲ ಹುಡುಕ್ಕೊಂಡು ಬಂದೋರನ್ನ ಸೀದಾ ಶವಾಗಾರದ ಒಳಗೇ ಕರ್ಕೊಂಡು ಹೋಗ್ತಿದ್ರು. ಪಾಪ, ಎಷ್ಟೋ ಜನ ಅಲ್ಲೇ ಕುಸಿದು ಬೀಳ್ತಿದ್ರು. ಅದಕ್ಕೆ ಇವಳೇ ಮುಂದೆ ನಿಂತು ಒಂದು ವ್ಯವಸ್ಥೆ ಮಾಡಿದ್ಲು. ಮುಖದ ಫೋಟೋ ತೆಗೆದು ಡೇಟಾಬೇಸಿಗೆ ಹಾಕೋದು, ಬಂದೋರು ಹೊರಗೆ ಹಾಲ್‌ನಲ್ಲಿ ಸ್ಕ್ರೀನ್ ಮೇಲೆ ನೋಡೋದು, ಗುರುತು ಹಿಡಿದ್ರೆ ಮಾತ್ರ ಬಾಗಿಲು ತೆಗೆಯೋದು. ಒಳ್ಳೇ ಕೆಲಸಾನೇ ಬಿಡಿ. ಎಲ್ಲರೂ ಹೊಗಳಿದ್ರು, ಇವಳೂ ಸ್ವಲ್ಪ ಉಬ್ಬಿದ್ಲು.

ಡೇಟಾಬೇಸಿಂದ ಸ್ಕ್ರೀನಿಗೆ ಫೋಟೋ ಹೊತ್ತು ತರೋಕೆ ಮಧ್ಯೆ ಒಂದು ಪ್ರೋಗ್ರಾಂ ಇರುತ್ತಂತೆ. ಅದಕ್ಕೆ ಡ್ರೈವರ್ ಅಂತಾರೆ. ಲಾರಿ ಓಡಿಸೋನಲ್ಲ, ನಗಬೇಡಿ. ಆ ಡ್ರೈವರನ್ನ ಇವಳು ತೆಗೆದು ಹೊಸದು ಹಾಕಿದ್ಲು. ಹಾಕಿದ ಮೇಲೆ ಶವಾಗಾರ ನೋಡ್ಕೊಳ್ಳೋ ಅಣ್ಣ ದೂರು ಕಳಿಸಿದ. "ಮೇಡಂ, ಫೋಟೋ ಮೂಗಿನ ತನಕ ಮಾತ್ರ ಬರ್ತಿದೆ, ಕೆಳಗೆಲ್ಲ ಬೂದಿ." ಜೊತೆಗೆ ಆ ಸ್ಕ್ರೀನನ್ನೂ ಮೊಬೈಲಲ್ಲಿ ಹೊಡೆದು ಕಳಿಸಿದ್ದ. ಇವಳು ಅದನ್ನ ನೋಡಿದ್ಲು ಅಂದ್ರೆ ನೋಡಿದ್ಲು, ಅಷ್ಟೇ. ಪರೀಕ್ಷೆ ಮಾಡೋಕೆ ಕೈಗೆ ಸಿಕ್ಕಿದ್ದು ತನ್ನ ಆಸ್ಪತ್ರೆ ಕಾರ್ಡಿನ ಫೋಟೋ, ಸ್ಟಾಂಪ್ ಸೈಜಿನದು. ಅದು ಪೂರ್ತಿ ಬಂತು. "ನಮ್ಮಲ್ಲಿ ಸರಿಯಾಗೇ ಬರ್ತಿದೆ" ಅಂತ ಬರೆದು, ದೂರು ಮುಚ್ಚಿ, ಕೈ ತೊಳ್ಕೊಂಡ್ಲು. ಐದೇ ನಿಮಿಷ.

ಈಗ ಆ ಅರ್ಧ ಮುಖ ಎದುರಿಗೇ ಕೂತಿದೆ. ಬಾವಿಗೆ ಬೆನ್ನು ಹಾಕದೆ, ಹಿಂದೆ ಹಿಂದೆ ಹೆಜ್ಜೆ ಇಡ್ತಾ, ಅವಳು ಶವಾಗಾರದ ಅಣ್ಣಂಗೆ ಫೋನ್ ಮಾಡಿದ್ಲು.

"ಅಣ್ಣಾ... ಆ ಅರ್ಧ ಫೋಟೋ ಯಾರದ್ದು?"

"ಕಾಲುವೇಲಿ ಸಿಕ್ಕಿದ ಹುಡುಗಂದು. ಯಾಕೆ ಮೇಡಂ ಪಿಸುಗುಡ್ತಿದೀರ?"

"ಯಾರೂ... ಬರಲಿಲ್ವಾ?"

"ಒಬ್ಬರು ಟೈಲರ್ ಅಮ್ಮ ಬಂದಿದ್ರು, ಮಗ ಕಾಣ್ತಿಲ್ಲ ಅಂತ. ನೋಡಿದ್ರು. ನನ್ನ ಮಗ ಅಲ್ಲ ಅಂದು ಹೋದ್ರು."

"ಅವರು ಸ್ಕ್ರೀನಲ್ಲಿ ಎಷ್ಟು ನೋಡಿದ್ರು?"



"ನೀವು ಕೊಟ್ಟಷ್ಟು ನೋಡಿದ್ರು. ಇನ್ನೇನು, ಹೆಣ ಇಟ್ಕೊಳ್ಳೋ ಗಡುವು ಮುಗೀತಲ್ಲ. ಬೆಳಿಗ್ಗೆ ಅನಾಥ ಹೆಣ ಅಂತ ಒಯ್ದು ಮಣ್ಣು ಮಾಡ್ತಾರೆ."

ಊದಿದ ಹಣೆ, ಮುಚ್ಚಿದ ಕಣ್ಣು. ಅದರಲ್ಲಿ ಏನು ಗುರುತು ಸಿಗುತ್ತೆ? ಅಲ್ಲ ಅನ್ನೋಕೆ ಒಂದು ಸಣ್ಣ ನೆಪ ಸಿಕ್ಕರೂ ಯಾವ ತಾಯಿ ಬಿಡ್ತಾಳೆ ಹೇಳಿ? ಇವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸ್ತು. ತಿರುಗಿ ಆಸ್ಪತ್ರೆಗೆ ಓಡಿದ್ಲು. ಹಿಂದೆ ಒದ್ದೆ ಚಪ್ಪಲಿ ಸದ್ದು. ಚಪ್... ಚಪ್... ಇವಳು ಓಡ್ತಿದ್ಲು, ಅದು ನಿಧಾನವಾಗಿ ನಡೀತಿತ್ತು. ಆದರೂ ದೂರ ಆಗ್ಲಿಲ್ಲ.

ಕಂಪ್ಯೂಟರ್ ರೂಮಿಗೆ ಬಂದು ಒಂದು ದೊಡ್ಡ ಫೋಟೋ ಹಾಕಿ ನೋಡಿದ್ಲು. ಬೂದಿ. ಇನ್ನೊಂದು ಹಾಕಿದ್ಲು. ಬೂದಿ. ಡೇಟಾಬೇಸಲ್ಲಿ ಫೋಟೋಗಳೆಲ್ಲ ಪೂರ್ತಿ ಇದ್ವು. ದೊಡ್ಡ ಫೋಟೋ ಕಂತು ಕಂತಾಗಿ ಬರಬೇಕು. ಈ ಡ್ರೈವರ್ ಮೊದಲನೇ ಕಂತು ತಂದು ಕೊಟ್ಟು, ಇನ್ನೂ ಇದೆಯಾ ಅಂತ ಕೇಳದೇ, ಮುಗೀತು ಅಂದುಬಿಡ್ತಿತ್ತು. ಚಿಕ್ಕ ಫೋಟೋ ಒಂದೇ ಕಂತಿಗೆ ಬರುತ್ತೆ, ಹಾಗಾಗಿ ಇವಳಿಗೆ ಗೊತ್ತೇ ಆಗಿರಲಿಲ್ಲ. ಥೂ, ನಾನೂ ಹಾಗೇ ತಾನೇ ಮಾಡಿದ್ದು ಅಂತ ಕಣ್ಣಲ್ಲಿ ನೀರು ಬಂತು.

ಚಪ್... ಚಪ್... ಬಾಗಿಲ ಹತ್ತಿರ ಬಂದು ನಿಂತಿತು.

ತೊಟ್... ತೊಟ್...

"ಮ್ಮ್... ಮ್ಮ್ಮ್..."

ಅವಳು ತಿರುಗಲಿಲ್ಲ. "ಇರಪ್ಪಾ..." ಅಂತ ಪಿಸುಗುಟ್ಟಿದ್ಲು. "ಇನ್ನೊಂದು ಸ್ವಲ್ಪ... ತಪ್ಪಾಯ್ತು ಕಣಪ್ಪಾ..."

ಪೂರ್ತಿ ಬರೋ ತನಕ ಕೇಳ್ತಾನೇ ಇರಬೇಕು, ನಡುವೆ ಬಿಡಬಾರದು, ಹಾಗೆ ಡ್ರೈವರನ್ನ ತಿದ್ದಿದ್ಲು. ಆ ಹುಡುಗನ ಫೋಟೋ ತೆರೆದ್ಲು. ಹಣೆ ಬಂತು. ಕಣ್ಣು. ಮೂಗು. ಒಂದು ಕ್ಷಣ ನಿಂತಿತು... ಆಮೇಲೆ ತುಟಿ. ಗದ್ದ. ಗದ್ದದ ಮೇಲೆ ಹೊಲಿಗೆ ಹಾಕಿದ ಒಂದು ಹಳೇ ಗಾಯದ ಗುರುತು.

ಬೆನ್ನ ಹಿಂದೆ ಯಾರೋ ಉಸಿರು ಬಿಟ್ರು. "ಹಾ..." ಮೂಗಿಂದಲ್ಲ. ಬಾಯಿ ತೆರೆದು ಬಿಟ್ಟ ಉಸಿರು. ತಿರುಗಿ ನೋಡಿದ್ರೆ ಯಾರೂ ಇಲ್ಲ, ಹೊಸ್ತಿಲ ಹತ್ತಿರ ನೀರು ನಿಂತಿತ್ತು.

ಬೆಳಿಗ್ಗೆ ಇವಳು ಹೇಳಿದ ಮೇಲೆ ಶವಾಗಾರದ ಅಣ್ಣ ಹೆಣ ಒಯ್ಯೋದನ್ನ ತಡೆದು, ಟೈಲರ್ ಅಮ್ಮನ್ನ ಕರೆಸಿದ. ಆಯಮ್ಮ ಅಳತೆ ಟೇಪನ್ನ ಕೊರಳಿಂದ ತೆಗೆಯೋದೂ ಮರೆತು ಬಂದಿದ್ರು. ಸ್ಕ್ರೀನ್ ಹತ್ತಿರ ಹೋಗಿ ಗದ್ದದ ಗುರುತಿನ ಮೇಲೆ ಬೆರಳಿಟ್ರು.

"ಆಗಿನ್ನೂ ನಡೆಯೋಕೆ ಕಲೀತಿದ್ದ... ನನ್ನ ಮಿಷಿನ್ ಮೇಲೇ ಬಿದ್ದ."

ಅಣ್ಣ ಬಾಗಿಲು ತೆಗೆದ.

ಹೊರಗೆ ಬಂದ ಮೇಲೆ ಆಯಮ್ಮ ಇವಳ ಎರಡೂ ಕೈ ಹಿಡ್ಕೊಂಡ್ರು. "ರಾತ್ರಿಯೆಲ್ಲ ನಿದ್ದೆಗೆಟ್ಟು ಹುಡುಕಿಕೊಟ್ಟೆಯಂತಲ್ಲಮ್ಮ, ನಿನ್ನ ಹೊಟ್ಟೆ ತಣ್ಣಗಿರಲಿ. ಅವತ್ತು ನನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತೋ... ಹೆತ್ತ ಮಗನ್ನೇ ಅಲ್ಲ ಅಂದುಬಿಟ್ಟೆ. ಎಂಥ ತಾಯಿ ನಾನು..."

ನಿಮ್ಮ ಕಣ್ಣು ಸರಿಯಾಗೇ ಇತ್ತಮ್ಮ, ತಪ್ಪು ನಂದು. ಹೇಳಬೇಕಾಗಿದ್ದು ಇಷ್ಟೇ. ನಾಲಿಗೆ ತುದಿ ತನಕ ಬಂದಿತ್ತಂತೆ. ಶವಾಗಾರದ ಅಣ್ಣ ಇವಳನ್ನೇ ನೋಡ್ತಾ ನಿಂತಿದ್ದ. ಇವಳು ತಲೆ ತಗ್ಗಿಸಿದ್ಲು. ತುಟಿ ಬಿಚ್ಚಲಿಲ್ಲ. ಆಯಮ್ಮ ತನ್ನನ್ನ ತಾನೇ ಬೈಕೊಳ್ತಾ ಹೋದ್ರು.

ಅವತ್ತಿಂದ ದೊಡ್ಡ ಫೋಟೋಗಳೆಲ್ಲ ಪೂರ್ತಿ ಬರ್ತಿವೆ. ಒಂದು ಮಾತ್ರ ಬರಲ್ಲ. ಪರೀಕ್ಷೆಗೆ ಹಾಕಿದ್ಲಲ್ಲ, ಸ್ಟಾಂಪ್ ಸೈಜಿನ ಅವಳದೇ ಫೋಟೋ... ಅದು. ಹೊಸದಾಗಿ ತೆಗೆಸಿ ಹಾಕಿದ್ಲು, ಹಾಗೇ. ಬೇರೆಯವರು ಬಂದು ಡ್ರೈವರನ್ನೆಲ್ಲ ತಡಕಾಡಿ, ತಪ್ಪೇನೂ ಇಲ್ವಲ್ಲ ಅಂದ್ರು.

ಕತೆ ಕಟ್ತಿದೀನಿ ಅಂತೀರಾ? ನನ್ನಾಣೆ ಕಣ್ರೀ, ಒಂದು ಅಕ್ಷರಾನೂ ಸೇರಿಸಿಲ್ಲ. ಮೊನ್ನೆ ಅವಳು ನಮ್ಮನೆಗೆ ಬಂದಾಗ ಕೊರಳಲ್ಲಿ ಹೊಸ ಕಾರ್ಡ್ ಇತ್ತು, ಫೋಟೋ ಒಳಗೆ ಮಾಡಿ ಹಾಕ್ಕೊಂಡಿದ್ಲು. ನಾನೇ ಈ ಕೈಯಲ್ಲೇ ತಿರುಗಿಸಿ ನೋಡಿದೆ. ಹಣೆ. ಕಣ್ಣು. ಮೂಗು...

"ಆಯಮ್ಮಂಗೆ ಇನ್ನೂ ಹೇಳಿಲ್ವೇನೇ?" ಅಂದೆ.

ಅವಳು ಕಾರ್ಡನ್ನ ಮತ್ತೆ ಮಗುಚಿ ಹಾಕ್ಕೊಂಡ್ಲು.